ನೂರಕ್ಕೆ ತೊಂಬತ್ತೇಳು

2022ರ ಆರ್ಥಿಕ ವರ್ಷದಲ್ಲಿ ಅಮೆರಿಕದ ಫೆಡರಲ್ ನ್ಯಾಯಾಲಯಗಳಲ್ಲಿ ಕ್ರಿಮಿನಲ್ ಪ್ರಕರಣ ಇತ್ಯರ್ಥವಾದ ಆರೋಪಿಗಳು 71,954 ಮಂದಿ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ ಒಮ್ಮೆ ತುಂಬಿ, ಇನ್ನೊಮ್ಮೆಯೂ ಹೆಚ್ಚುಕಡಿಮೆ ತುಂಬುವಷ್ಟು ಜನ. ಇವರಲ್ಲಿ ವಿಚಾರಣೆ ಎದುರಿಸಿ ಖುಲಾಸೆಯಾದವರು 290. ಅಷ್ಟು ಜನಕ್ಕೆ ಐದಾರು ಕೆಎಸ್‌ಆರ್‌ಟಿಸಿ ಬಸ್ಸು ಸಾಕು.

ಹಾಗೆಂದು ಉಳಿದವರೆಲ್ಲ ವಿಚಾರಣೆಯಲ್ಲಿ ಸೋತರು ಎಂದುಕೊಳ್ಳಬೇಡಿ. ಸಾವಿರ ಆರೋಪಿಗಳ ಲೆಕ್ಕದಲ್ಲಿ ನೋಡಿದರೆ ಸುಮಾರು 82 ಜನರ ಪ್ರಕರಣ ವಜಾ ಆಯಿತು. ವಿಚಾರಣೆಯವರೆಗೆ ಹೋದವರು ಬರೀ 23. ಮಿಕ್ಕ 895 ಜನ ತಪ್ಪೊಪ್ಪಿಕೊಂಡರು. 2012ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಒಂದು ತೀರ್ಪಿನಲ್ಲಿ ಈ ಲೆಕ್ಕ ದಾಖಲಿಸಿತು: ಫೆಡರಲ್ ಶಿಕ್ಷೆಗಳಲ್ಲಿ ನೂರಕ್ಕೆ 97, ರಾಜ್ಯಗಳ ಶಿಕ್ಷೆಗಳಲ್ಲಿ ನೂರಕ್ಕೆ 94 ತಪ್ಪೊಪ್ಪಿಗೆಯಿಂದಲೇ ಬಂದವು. ಜ್ಯೂರಿ ವಿಚಾರಣೆಯನ್ನು ಸಂವಿಧಾನದಲ್ಲೇ ಹಕ್ಕಾಗಿ ಬರೆದುಕೊಂಡ ದೇಶ ಅದು.

ಈ ತಪ್ಪೊಪ್ಪಿಗೆಗಳ ಹಿಂದೆ ಬಹುಪಾಲು ಇರುವುದು ಪ್ಲೀ ಬಾರ್ಗೇನಿಂಗ್. ತಪ್ಪು ಒಪ್ಪಿಕೋ, ಆರೋಪ ಇಳಿಸುತ್ತೇವೆ ಇಲ್ಲವೇ ಶಿಕ್ಷೆ ಕಡಿಮೆ ಮಾಡಿಸುತ್ತೇವೆ ಎಂಬ ಚೌಕಾಸಿ. ಪ್ರಾಸಿಕ್ಯೂಟರ್ ಇದಕ್ಕೆ ಮುಂದಾಗಲು ಕಾರಣಗಳಿವೆ. ಸಾಕ್ಷ್ಯ ದುರ್ಬಲವಾಗಿದ್ದರೆ ಸೋಲುವುದಕ್ಕಿಂತ ಸಣ್ಣ ಶಿಕ್ಷೆಯಾದರೂ ಖಾತ್ರಿಯಾಗಲಿ ಎಂಬ ಯೋಚನೆ ಇರುತ್ತದೆ. ಸಾಕ್ಷಿದಾರರು ಹಿಂಜರಿಯುತ್ತಿರಬಹುದು. ಚಿಕ್ಕ ಆರೋಪಿಯ ಬಾಯಿಂದ ದೊಡ್ಡವರ ಹೆಸರು ಹೊರಡಿಸಬೇಕಾಗಿರಬಹುದು. ನೊಂದವರನ್ನು ಕಟಕಟೆಯಲ್ಲಿ ನಿಲ್ಲಿಸಿ ಪಾಟೀಸವಾಲಿಗೆ ಒಡ್ಡುವುದು ಬೇಡ ಎನಿಸಬಹುದು. ಇವು ಒಪ್ಪತಕ್ಕ ಕಾರಣಗಳೇ.

ಎಲ್ಲಕ್ಕಿಂತ ದೊಡ್ಡ ಕಾರಣ ಶುದ್ಧ ಗಣಿತ. 1970ರಲ್ಲಿ ಮುಖ್ಯ ನ್ಯಾಯಮೂರ್ತಿ ವಾರೆನ್ ಬರ್ಗರ್ ಅದನ್ನು ಬಿಡಿಸಿ ಹೇಳಿದರು. ನೂರರಲ್ಲಿ 90 ಜನ ತಪ್ಪೊಪ್ಪಿಕೊಂಡರೆ ಹತ್ತು ವಿಚಾರಣೆ ನಡೆಯಬೇಕು. ಆ 90 ಎಂಬುದು 80ಕ್ಕೆ ಇಳಿದರೆ ವಿಚಾರಣೆ ಇಪ್ಪತ್ತಾಗುತ್ತದೆ. ನ್ಯಾಯಾಧೀಶರು, ಕೋರ್ಟ್ ಹಾಲ್, ಜ್ಯೂರಿ, ಸಿಬ್ಬಂದಿ ಎಲ್ಲವೂ ದುಪ್ಪಟ್ಟು ಬೇಕು. 70ಕ್ಕೆ ಇಳಿದರೆ ಮೂರು ಪಟ್ಟು. ನೂರು ಜನರಲ್ಲಿ ಹತ್ತೇ ಜನ ಮನಸ್ಸು ಬದಲಿಸಿದರೂ ಇಡೀ ವ್ಯವಸ್ಥೆ ಏದುಸಿರು ಬಿಡುತ್ತದೆ. ಹಾಗಾಗಿ ಅವರು ಮನಸ್ಸು ಬದಲಿಸದಂತೆ ನೋಡಿಕೊಳ್ಳುವುದು ಆ ವ್ಯವಸ್ಥೆಗೆ ಅನಿವಾರ್ಯ.

ಹೇಗೆ ನೋಡಿಕೊಳ್ಳುತ್ತಾರೆ? ಕೆಂಟಕಿ ರಾಜ್ಯದ ಪಾಲ್ ಲೂಯಿಸ್ ಹೇಯ್ಸ್ ಪ್ರಕರಣ ನೋಡಿ. ಆರೋಪ, 88 ಡಾಲರ್ 30 ಸೆಂಟಿನ ನಕಲಿ ಚೆಕ್. ಶಿಕ್ಷೆ ಎರಡರಿಂದ ಹತ್ತು ವರ್ಷ. ಒಪ್ಪಿಕೊಂಡರೆ ಐದು ವರ್ಷಕ್ಕೆ ಶಿಫಾರಸು ಮಾಡುತ್ತೇನೆ, ಇಲ್ಲದಿದ್ದರೆ ರೂಢಿಗತ ಅಪರಾಧಿ ಎಂದು ಹೊಸ ಆರೋಪ ಹೊರಿಸುತ್ತೇನೆ ಎಂದರು ಪ್ರಾಸಿಕ್ಯೂಟರ್. ಹೇಯ್ಸ್ ಒಪ್ಪಲಿಲ್ಲ. ಹಳೆಯ ಎರಡು ಅಪರಾಧಗಳು ಲೆಕ್ಕಕ್ಕೆ ಬಂದು ಜೀವಾವಧಿ ಶಿಕ್ಷೆಯಾಯಿತು. ಚೆಕ್ಕೂ ಅದೇ, ಮನುಷ್ಯನೂ ಅವನೇ. ನಡುವೆ ಬದಲಾದದ್ದು ವಿಚಾರಣೆ ಬೇಕೆಂದು ಕೇಳಿದ್ದೊಂದೇ. 1978ರಲ್ಲಿ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ಇದರಲ್ಲಿ ಸಂವಿಧಾನದ ಉಲ್ಲಂಘನೆಯಿಲ್ಲ ಎಂದಿತು.

ಇದು ಅಪರೂಪದ ಉದಾಹರಣೆಯೇನಲ್ಲ. ಹ್ಯೂಮನ್ ರೈಟ್ಸ್ ವಾಚ್ 2013ರಲ್ಲಿ ಕೊಟ್ಟ ಲೆಕ್ಕದಂತೆ, ಫೆಡರಲ್ ಮಾದಕವಸ್ತು ಪ್ರಕರಣಗಳಲ್ಲಿ ತಪ್ಪೊಪ್ಪಿಕೊಂಡವರಿಗೆ ಸರಾಸರಿ 5 ವರ್ಷ 4 ತಿಂಗಳು ಶಿಕ್ಷೆಯಾದರೆ, ವಿಚಾರಣೆ ಎದುರಿಸಿ ಸೋತವರಿಗೆ 16 ವರ್ಷ. ಅಂತರ ಇಷ್ಟು ಹಿರಿದಾದರೆ ನಿರಪರಾಧಿಯೂ ಬಾಗುತ್ತಾನೆ. ಕ್ಯಾಲಿಫೋರ್ನಿಯಾದ ಫುಟ್‌ಬಾಲ್ ಆಟಗಾರ ಬ್ರಯನ್ ಬ್ಯಾಂಕ್ಸ್ ಮೇಲೆ 2002ರಲ್ಲಿ ಅತ್ಯಾಚಾರದ ಆರೋಪ ಬಂದಾಗ ವಯಸ್ಸು 16. ಸೋತರೆ 41 ವರ್ಷದಿಂದ ಜೀವಾವಧಿಯವರೆಗೆ ಜೈಲು. ಹೆದರಿ ಒಪ್ಪಂದಕ್ಕೆ ತಲೆಬಾಗಿಸಿ ಐದು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿ ಕಳೆದರು. ಆರೋಪ ಸುಳ್ಳೆಂದು ಬಯಲಾಗಿ ಶಿಕ್ಷೆ ರದ್ದಾದದ್ದು 2012ರಲ್ಲಿ.

ನಮ್ಮಲ್ಲಿ ಪ್ಲೀ ಬಾರ್ಗೇನಿಂಗ್ 2006ರ ಜುಲೈನಲ್ಲಿ ಜಾರಿಗೆ ಬಂತು. ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಉಳಿದಿದೆ. ಆದರೆ ಬಳಕೆ ನೂರಕ್ಕೆ ಒಂದರಷ್ಟೂ ಇಲ್ಲ. ಬಾಕಿ ಪ್ರಕರಣಗಳ ರಾಶಿ ನೋಡಿದಾಗಲೆಲ್ಲ ಅಮೆರಿಕದ ದಾರಿ ಹಿಡಿಯೋಣ ಎಂಬ ಮಾತು ಏಳುತ್ತದೆ. ಹಿಡಿಯುವ ಮುನ್ನ ನಮ್ಮ ಕಾನೂನಿನಲ್ಲಿರುವ ಬೇಲಿಗಳನ್ನು ಗಮನಿಸಬೇಕು. ಏಳು ವರ್ಷ ಮೀರಿದ ಶಿಕ್ಷೆಯ ಅಪರಾಧಗಳಿಗೆ ಇದು ಅನ್ವಯಿಸದು. ಮಹಿಳೆ ಅಥವಾ ಮಕ್ಕಳ ಮೇಲಿನ ಅಪರಾಧಗಳಿಗೂ ಇಲ್ಲ. ಅರ್ಜಿ ಹಾಕಬೇಕಾದವನು ಆರೋಪಿಯೇ. ಅವನು ಸ್ವಇಚ್ಛೆಯಿಂದ ಬಂದಿದ್ದಾನೆಯೇ ಎಂದು ನ್ಯಾಯಾಧೀಶರು ಪ್ರತ್ಯೇಕವಾಗಿ ಕೇಳಿ ತಿಳಿಯಬೇಕು. ರಿಯಾಯಿತಿ ಎಷ್ಟೆಂಬುದನ್ನು ಕಾನೂನೇ ಅಳೆದುಕೊಟ್ಟಿದೆ.

ಪ್ಲೀ ಬಾರ್ಗೇನಿಂಗ್ ಹೆಚ್ಚಾಗಲಿ, ತಕರಾರಿಲ್ಲ. ಆದರೆ ಆ ಅಳತೆ ಮಾತ್ರ ಕಾನೂನಿನ ಕೈಯಿಂದ ಪ್ರಾಸಿಕ್ಯೂಟರ್ ಕೈಗೆ ಜಾರಬಾರದು. ನ್ಯಾಯಾಧೀಶರು ಸಾಲದಿದ್ದರೆ ಇನ್ನಷ್ಟು ಜನರನ್ನು ನೇಮಿಸಬೇಕು. ಆ ಕೊರತೆಯನ್ನು ಆರೋಪಿಯ ವಿಚಾರಣೆಯ ಹಕ್ಕಿನಿಂದ ತುಂಬಿಸಿಕೊಳ್ಳಬಾರದು.