ಗಣಿ ಧೂಳು: ಕಣ್ಣಿಗೆ ಕಾಣದ್ದೇ ಕೇಡು

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರ ಸಮೀಪಿಸುತ್ತಿದ್ದಂತೆ ಕಪ್ಪು ಎರೆಭೂಮಿಯ ನಡುವೆ ಕೆಂಪು ಮಣ್ಣು ಕಾಣಿಸಿಕೊಳ್ಳುವುದನ್ನು ನೀವು ಗಮನಿಸಿರಬಹುದು. ಆ ಕೆಂಪು ಬಣ್ಣ ಬಂದಿರುವುದು ಕಬ್ಬಿಣದ ಆಕ್ಸೈಡಿನಿಂದ. ಅಂದರೆ ಒಂದು ಬಗೆಯ ತುಕ್ಕಿನಿಂದ. ಸಂಡೂರು, ಹೊಸಪೇಟೆಗಳ ಬೆಟ್ಟಗಳಲ್ಲಿ ಇದೇ ಕಬ್ಬಿಣದ ಅಂಶ ದಟ್ಟವಾಗಿ ಸೇರಿ ಅದಿರಾಗಿದೆ. ಗಣಿಯ ಧೂಳು ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದೂ ಅಲ್ಲಿನ ಕೆಂಪು ಧೂಳೇ. ಗಿಡದ ಎಲೆ, ಲಾರಿಯ ಗಾಲಿ, ಒಣಹಾಕಿದ ಬಟ್ಟೆ ಎಲ್ಲವೂ ಕೆಂಪಾದ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡಿ ನೋಡಿ, ಧೂಳಿನ ಅಪಾಯವನ್ನು ಅದರ ಬಣ್ಣದಿಂದ ಅಳೆಯುವುದು ರೂಢಿಯಾಗಿಬಿಟ್ಟಿದೆ.

ಶ್ವಾಸಕೋಶಕ್ಕೆ ಬಣ್ಣ ತಿಳಿಯದು. ಅದಕ್ಕೆ ಮುಖ್ಯವಾದವು ಎರಡೇ: ಧೂಳಿನ ಕಣ ಎಷ್ಟು ಸಣ್ಣದು ಮತ್ತು ಅದು ಯಾವ ಕಲ್ಲಿನದು. ನಮ್ಮ ಜಿಲ್ಲೆಯಲ್ಲಿ ಕಬ್ಬಿಣದ ಗಣಿ ಇಲ್ಲದಿದ್ದರೂ ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಕಲ್ಲಿನ ಗಣಿಗಳಿವೆ, ಸಿಮೆಂಟಿಗಾಗಿ ಸುಣ್ಣದ ಕಲ್ಲು ತೆಗೆಯುವ ದೊಡ್ಡ ಗಣಿಗಳಿವೆ, ಊರೂರಿನಲ್ಲಿ ಜಲ್ಲಿ ಕ್ರಷರುಗಳಿವೆ. ಆದ್ದರಿಂದ ಇದು ಬಳ್ಳಾರಿಯವರ ಸಮಸ್ಯೆ ಮಾತ್ರ ಎಂದು ಪುಟ ಮಗುಚಬೇಡಿ.

ಮನುಷ್ಯನ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಕಣ್ಣಿಗೆ ಕಾಣುವಷ್ಟು ದಪ್ಪನೆಯ ಧೂಳನ್ನು ಮೂಗಿನ ಕೂದಲು, ಗಂಟಲಿನ ಲೋಳೆ ಹಿಡಿದು ನಿಲ್ಲಿಸುತ್ತವೆ. ಸೀನಿನಲ್ಲಿ, ಕಫದಲ್ಲಿ ಅದು ಹೊರಬೀಳುತ್ತದೆ. ಐದು ಮೈಕ್ರಾನಿಗಿಂತ ಸಣ್ಣ ಕಣಗಳ ಕಥೆ ಬೇರೆ. ಅವು ಈ ಕಾವಲನ್ನು ದಾಟಿ ಶ್ವಾಸಕೋಶದ ಕಟ್ಟಕಡೆಯ ಗಾಳಿಚೀಲಗಳನ್ನು ತಲುಪುತ್ತವೆ. ಅಲ್ಲಿ ಭಕ್ಷಕ ಕೋಶಗಳೆಂಬ ಕಾವಲುಗಾರರಿದ್ದಾರೆ. ಬಂದ ಕಣವನ್ನು ನುಂಗಿ ಸಾಗಿಸುವುದು ಅವುಗಳ ಕೆಲಸ.

ನುಂಗಿದ್ದು ಕಬ್ಬಿಣದ ಕಣವಾದರೆ ಅದು ಬಹುಪಾಲು ಸುಮ್ಮನೆ ಕುಳಿತಿರುತ್ತದೆ. ಕ್ಷ-ಕಿರಣ ಚಿತ್ರದಲ್ಲಿ ಚುಕ್ಕೆಗಳು ಎದ್ದು ಕಂಡು ಗಾಬರಿ ಹುಟ್ಟಿಸಬಹುದು. ಆದರೆ ಸಿಡೆರೋಸಿಸ್ ಎಂಬ ಈ ಸ್ಥಿತಿ ಒಂದೇ ಇದ್ದಾಗ ಉಸಿರಿಗೆ ಅಷ್ಟಾಗಿ ತೊಂದರೆ ಕೊಡುವುದಿಲ್ಲ. ನುಂಗಿದ್ದು ಬೆಣಚುಕಲ್ಲಿನ, ಅಂದರೆ ಸಿಲಿಕಾದ ಕಣವಾದರೆ ಕಾವಲುಗಾರನೇ ಸಾಯುತ್ತಾನೆ. ಕೋಶ ಒಡೆದು ಕಣ ಹೊರಬರುತ್ತದೆ, ಅದನ್ನು ಇನ್ನೊಂದು ಕೋಶ ನುಂಗುತ್ತದೆ, ಅದೂ ಸಾಯುತ್ತದೆ. ಸತ್ತ ಕೋಶಗಳಿಂದ ಹೊರಬಿದ್ದ ರಸಾಯನಗಳಿಂದಾಗಿ ಸುತ್ತಲಿನ ಮೆದು ಅಂಗಾಂಶ ಗಾಯದ ಕಲೆಯಂತೆ ಗಟ್ಟಿಯಾಗುತ್ತದೆ. ಇದೇ ಸಿಲಿಕೋಸಿಸ್. ಗಣಿ ಬಿಟ್ಟು ಮನೆಗೆ ಬಂದ ಮೇಲೂ ಈ ಕ್ರಿಯೆ ನಿಲ್ಲದಿರಬಹುದು. ಗಟ್ಟಿಯಾದ ಭಾಗವನ್ನು ಮತ್ತೆ ಮೊದಲಿನಂತೆ ಮಾಡುವ ಔಷಧಿ ಇಂದಿಗೂ ಇಲ್ಲ.

ಹಾಗೆಂದು ಕೆಂಪು ಧೂಳು ನಿರಪಾಯ ಎಂದು ತಿಳಿಯಬಾರದು. ಸಂಡೂರಿನ ಅದಿರಿನ ಜತೆಯಲ್ಲೇ ಕಬ್ಬಿಣ ಒಂದು ಗೆರೆ, ಬೆಣಚು ಒಂದು ಗೆರೆಯಾಗಿ ಪಟ್ಟೆಪಟ್ಟೆ ಬಂಡೆಯಿದೆ. ಅದನ್ನು ಕೊರೆದಾಗ ಎರಡೂ ಒಟ್ಟಿಗೆ ಹಾರುತ್ತವೆ. ಕಣ್ಣಿಗೆ ಬೀಳುವುದು ಕೆಂಪು ಮಾತ್ರ. ನಮ್ಮ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದ್ ಕಲ್ಲು ಮುಖ್ಯವಾಗಿ ಸುಣ್ಣದ ಕಲ್ಲು, ಅದರಲ್ಲಿ ಸಿಲಿಕಾ ಕಡಿಮೆ. ಆದರೂ ಅದು ಪದರದಿಂದ ಪದರಕ್ಕೆ ಬದಲಾಗುತ್ತದೆ. ಗ್ರಾನೈಟಿನಲ್ಲಿ ಸುಮಾರು ಕಾಲು ಭಾಗ ಅಥವಾ ಹೆಚ್ಚು ಬೆಣಚಿರುತ್ತದೆ. ಅಡುಗೆಮನೆಯ ಕಟ್ಟೆಗೆ ಈಗ ಹಾಕಿಸುವ ಕೃತಕ ಕ್ವಾರ್ಟ್ಜ್ ಹಲಗೆಯಲ್ಲಂತೂ ನೂರಕ್ಕೆ ತೊಂಬತ್ತರಷ್ಟೂ ಇರಬಹುದು. ಅದನ್ನು ಕತ್ತರಿಸುವ ಯುವಕರು ಕೆಲವೇ ವರ್ಷಗಳಲ್ಲಿ ಹಾಸಿಗೆ ಹಿಡಿದದ್ದನ್ನು ಕಂಡು ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅದನ್ನು ನಿಷೇಧಿಸಿತು.

ಕನ್ನಡ ನಾಡಿಗೆ ಈ ರೋಗ ಹೊಸದಲ್ಲ. ಕೋಲಾರದ ಚಿನ್ನ ಇದ್ದದ್ದೇ ಬೆಣಚುಕಲ್ಲಿನ ಸಿರಗಳಲ್ಲಿ. 1940ರಿಂದ 1946ರವರೆಗೆ ಅಲ್ಲಿ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ಸುಮಾರು 44 ಮಂದಿಯಲ್ಲಿ ಸಿಲಿಕೋಸಿಸ್ ಕಂಡುಬಂದಿತ್ತು. ಭಾರತದಲ್ಲಿ ಈ ಕಾಯಿಲೆಯ ಮಾತು ಬಂದಾಗಲೆಲ್ಲ ವೈದ್ಯಕೀಯ ಪಠ್ಯಪುಸ್ತಕಗಳು ಮೊದಲು ಹೇಳುವುದು ಕೆ.ಜಿ.ಎಫ್. ಹೆಸರನ್ನೇ. ಆ ಗಣಿ 2001ರಲ್ಲಿ ಮುಚ್ಚಿತು. ಸಿಲಿಕಾ ಧೂಳು ಶ್ವಾಸಕೋಶದ ಕ್ಯಾನ್ಸರಿಗೂ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1997ರಲ್ಲೇ ಸಾರಿದೆ.

ಕ್ಷಯವೋ, ಕಲ್ಲಿನ ಧೂಳೋ?

ಸಾಮಾನ್ಯವಾಗಿ ಹತ್ತಿಪ್ಪತ್ತು ವರ್ಷ ಧೂಳು ಕುಡಿದ ಮೇಲೆ ರೋಗ ತಲೆ ಎತ್ತುತ್ತದೆ. ಧೂಳು ವಿಪರೀತವಿದ್ದಲ್ಲಿ ಐದು ವರ್ಷಕ್ಕೂ, ಅದಕ್ಕಿಂತ ಬೇಗನೂ ಬರಬಹುದು. ಮೊದಮೊದಲು ಒಣ ಕೆಮ್ಮು. ಆಮೇಲೆ ಏಣಿ ಹತ್ತಿದರೆ, ಹೊರೆ ಹೊತ್ತರೆ ದಮ್ಮು. ತೂಕ ಇಳಿಯುತ್ತದೆ. ಈ ಲಕ್ಷಣಗಳನ್ನು ಕೇಳಿದೊಡನೆ ನಿಮಗೆ ನೆನಪಾಗುವುದು ಕ್ಷಯ. ಎಷ್ಟೋ ಸಲ ವೈದ್ಯರಿಗೂ ಹಾಗೆಯೇ. ಕ್ಷ-ಕಿರಣ ಚಿತ್ರದಲ್ಲಿ ಎರಡೂ ಒಂದೇ ರೀತಿ ಕಾಣುವುದುಂಟು. ಹೀಗಾಗಿ ಕಫದಲ್ಲಿ ಕ್ಷಯದ ಕ್ರಿಮಿ ಸಿಗದಿದ್ದರೂ ಆರು ತಿಂಗಳ ಮಾತ್ರೆ ನುಂಗಿ, ಗುಣವಾಗದೆ, ಮತ್ತೆ ಅದೇ ಧೂಳಿಗೆ ಹಿಂತಿರುಗಿದವರಿದ್ದಾರೆ.

ಇದರಲ್ಲಿ ಇನ್ನೊಂದು ತೊಡಕಿದೆ. ಸಿಲಿಕೋಸಿಸ್ ಇರುವವರಿಗೆ ಕ್ಷಯ ತಗಲುವ ಸಾಧ್ಯತೆ ಇತರರಿಗಿಂತ ಹಲವು ಪಟ್ಟು ಹೆಚ್ಚು. ಎರಡೂ ಒಟ್ಟಿಗೆ ಇರಬಹುದು. ಆದ್ದರಿಂದ ‘ಇದು ಟಿ.ಬಿ. ಅಲ್ಲ, ಧೂಳು ಅಷ್ಟೇ’ ಎಂದು ನೀವೇ ನಿರ್ಧರಿಸಿ ಕ್ಷಯದ ಮಾತ್ರೆಯನ್ನು ನಡುವೆ ನಿಲ್ಲಿಸಬೇಡಿ. ವೈದ್ಯರ ಮುಂದೆ ಕುಳಿತಾಗ ನೀವು ಮಾಡಿದ ಕೆಲಸವನ್ನು ಬಿಡಿಸಿ ಹೇಳಿ: ಯಾವ ಕಲ್ಲು, ಎಷ್ಟು ವರ್ಷ, ಕೊರೆಯುವುದೋ, ಪಾಲಿಶ್ ಮಾಡುವುದೋ, ಕ್ರಷರಿನ ಬಾಯಿಗೆ ಕಲ್ಲು ಹಾಕುವುದೋ. ‘ಕೂಲಿ ಕೆಲಸ’ ಎಂದಷ್ಟೇ ಹೇಳಿದರೆ ರೋಗದ ಗುಟ್ಟು ಹೊರಬೀಳುವುದಿಲ್ಲ. ಎದೆಯ ಕ್ಷ-ಕಿರಣ, ಕಫ ಪರೀಕ್ಷೆ, ನಳಿಕೆಯಲ್ಲಿ ಊದಿ ಶ್ವಾಸಕೋಶದ ಶಕ್ತಿ ಅಳೆಯುವ ಪರೀಕ್ಷೆ, ಈ ಮೂರನ್ನೂ ಕೇಳಿ ಮಾಡಿಸಿಕೊಳ್ಳಿ. ಬೀಡಿ, ಸಿಗರೇಟು ಸೇದುವವರಿಗೆ ಹಾನಿ ಇಮ್ಮಡಿ. ಅದನ್ನು ಬಿಡುವುದು ಮಾತ್ರ ಪೂರ್ತಿ ನಿಮ್ಮ ಕೈಯಲ್ಲೇ ಇದೆ.

ಬೆಲ್ಲ ತಿಂದರೆ ಎದೆಯ ಧೂಳು ಇಳಿಯುತ್ತದೆ, ಬಾಳೆಹಣ್ಣು ತಿಂದರೆ ಒಳಗೆ ಹೋದ ಕಸವೆಲ್ಲ ಹೊರಬರುತ್ತದೆ ಎಂಬ ನಂಬಿಕೆ ಧೂಳಿನ ಕೆಲಸವಿರುವ ಕಡೆಯಲ್ಲೆಲ್ಲ ಇದೆ. ಕಮಲಾಪುರದ ಕೆಂಪು ಬಾಳೆಗಿಂತ ಸೊಗಸಾದ ಹಣ್ಣು ನಾನು ತಿಂದಿಲ್ಲ. ಅದು ಹೋಗುವುದು ಮಾತ್ರ ಅನ್ನನಾಳದ ಮೂಲಕ ಹೊಟ್ಟೆಗೆ. ಶ್ವಾಸನಾಳದ ದಾರಿಯೇ ಬೇರೆ. ಸಂತೋಷವಾಗಿ ತಿನ್ನಿ, ಔಷಧಿಯೆಂದು ತಿನ್ನಬೇಡಿ.

ನೀರೇ ಮೊದಲ ಮದ್ದು

ಬಾಯಿಗೆ ಕಟ್ಟುವ ಟವೆಲು ದಪ್ಪ ಧೂಳನ್ನಷ್ಟೇ ತಡೆಯುತ್ತದೆ. ಎನ್-95 ಮುಖಗವಸು ಸಣ್ಣ ಕಣಗಳನ್ನೂ ಹಿಡಿಯುತ್ತದೆ, ಆದರೆ ಮುಖಕ್ಕೆ ಸರಿಯಾಗಿ ಅಂಟಿ ಕೂತಿರಬೇಕು. ನಮ್ಮ ಏಪ್ರಿಲ್, ಮೇ ಬಿಸಿಲಿನಲ್ಲಿ ಎಂಟು ಗಂಟೆ ಅದನ್ನು ತೊಟ್ಟು ಸುತ್ತಿಗೆ ಬೀಸು ಎನ್ನುವುದು ಹೇಳುವವರಿಗೆ ಸುಲಭ. ಧೂಳು ಏಳದಂತೆ ನೋಡಿಕೊಳ್ಳುವುದು ಮೊದಲ ಕೆಲಸ. ಕೊರೆಯುವಾಗ ಉಳಿಯ ಮೊನೆಗೇ ನೀರು ಬೀಳಬೇಕು, ಕತ್ತರಿಸುವ ಗರಗಸದ ಮೇಲೆ ನೀರು ಸುರಿಯುತ್ತಿರಬೇಕು, ಕ್ರಷರಿನ ಬಾಯಿಗೆ ತುಂತುರು ಹನಿಸಿ ಸುತ್ತ ಮುಚ್ಚಿರಬೇಕು. ಸಿಡಿಮದ್ದು ಸಿಡಿದ ಮೇಲೆ ಧೂಳು, ಹೊಗೆ ಕೂರುವವರೆಗೆ ಯಾರೂ ಹತ್ತಿರ ಹೋಗಬಾರದು. ಕಸ ಹೊಡೆಯುವುದಾದರೂ ನೆಲ ಒದ್ದೆ ಮಾಡಿಯೇ.

‘ಕುಡಿಯಲಿಕ್ಕೇ ನೀರಿಲ್ಲ, ಕಲ್ಲಿಗೆಲ್ಲಿಂದ ತರೋಣ?’ ಎಂದು ಕೇಳುವವರಿಗೆ ಒಂದು ಮಾತು. ಹಳೆಯ ಗಣಿ ಗುಂಡಿಗಳಲ್ಲಿ ಮಳೆನೀರು ನಿಂತಿರುತ್ತದೆ. ಕತ್ತರಿಸುವ ಯಂತ್ರದ ನೀರನ್ನು ತೊಟ್ಟಿಯಲ್ಲಿ ನಿಲ್ಲಿಸಿ, ರಾಡಿ ಕೆಳಗಿಳಿದ ಮೇಲೆ ಮತ್ತೆ ಬಳಸಬಹುದು. ಆ ರಾಡಿಯನ್ನು ಒಣಗಲು ಬಿಟ್ಟರೆ ಮಾತ್ರ ಅದು ಮತ್ತೆ ಧೂಳಾಗುತ್ತದೆ, ಜೋಕೆ.

ಇದೆಲ್ಲ ಆಗದ ಮಾತೇನಲ್ಲ ಎಂಬುದಕ್ಕೆ ಬಳ್ಳಾರಿಯೇ ಸಾಕ್ಷಿ, ಆದರೆ ಅದಕ್ಕೆ ತೆತ್ತ ಬೆಲೆ ದೊಡ್ಡದು. ಲೋಕಾಯುಕ್ತ ಸಂತೋಷ್ ಹೆಗ್ಡೆಯವರ 2008 ಮತ್ತು 2011ರ ವರದಿಗಳು ಅಲ್ಲಿನ ಅಕ್ರಮಗಳನ್ನು ಬಯಲಿಗೆ ತಂದವು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನೇ ನಿಲ್ಲಿಸಿತು. ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರುಗಳಲ್ಲೂ ನಿಂತಿತು. 2013ರ ಏಪ್ರಿಲ್ ತೀರ್ಪಿನಲ್ಲಿ ಅತಿ ಹೆಚ್ಚು ತಪ್ಪೆಸಗಿದ 49 ಗುತ್ತಿಗೆಗಳು ರದ್ದಾದವು. ಉಳಿದವರು ಮತ್ತೆ ಅಗೆಯಬೇಕಾದರೆ ಪರಿಸರ ಪುನಶ್ಚೇತನ ಯೋಜನೆಯಂತೆ ನಡೆಯಬೇಕು, ವರ್ಷಕ್ಕೆ ಎಷ್ಟು ತೆಗೆಯಬಹುದೆಂಬುದಕ್ಕೂ ಮಿತಿ ಇರಬೇಕು ಎಂದಾಯಿತು. ತ್ಯಾಜ್ಯ ಮಣ್ಣಿನ ದಿಬ್ಬದ ಬುಡಕ್ಕೆ ತಡೆಗೋಡೆ, ಸುತ್ತ ಕಾಲುವೆ, ಹಳ್ಳಕ್ಕೆ ಹೂಳು ಹೋಗದಂತೆ ಚೆಕ್ ಡ್ಯಾಂ, ದಿಬ್ಬದ ಮೇಲೆ ಗಿಡ, ಲಾರಿಗೆ ತಾಡಪಾಲು, ರಸ್ತೆಗೆ ನೀರು, ಸಾಧ್ಯವಿದ್ದಲ್ಲಿ ಲಾರಿಯ ಬದಲು ಕನ್ವೇಯರ್ ಪಟ್ಟಿ. ಪಟ್ಟಿ ಓದಿ ನೋಡಿ. ಇದರಲ್ಲಿ ರಾಕೆಟ್ ವಿಜ್ಞಾನ ಯಾವುದೂ ಇಲ್ಲ. ಲಾರಿಗೆ ತಾಡಪಾಲು ಹೊದಿಸಲು ದೇಶದ ಅತ್ಯುನ್ನತ ನ್ಯಾಯಾಲಯ ಹೇಳಬೇಕಾಯಿತಲ್ಲ ಎಂಬುದೇ ಬೇಸರದ ಸಂಗತಿ. ಆ ತೀರ್ಪು ಕಬ್ಬಿಣದ ಗಣಿಗಳಿಗೆ ಸಂಬಂಧಿಸಿದ್ದು. ಹತ್ತಾಳು ದುಡಿಯುವ ಕಲ್ಲುಗಣಿಯತ್ತ ಅಷ್ಟು ಕಣ್ಣು ಹರಿಯುವುದಿಲ್ಲ. ಅಲ್ಲಿ ಮಾಲೀಕರು ಮತ್ತು ಊರವರೇ ಎಚ್ಚರವಾಗಿರಬೇಕು.

ಪಾಳುಬಿದ್ದ ಗುಂಡಿಗಳ ಬಗ್ಗೆ ಒಂದೇ ಮಾತು. ಅವುಗಳ ಗೋಡೆ ನೆಟ್ಟಗೆ ಕಡಿದಿರುತ್ತದೆ, ದಡದಲ್ಲಿ ಕಾಲೂರಲು ಜಾಗವಿರುವುದಿಲ್ಲ. ಈಜು ಬಲ್ಲ ಹುಡುಗನೂ ಹತ್ತಿ ಬರಲಾರ. ರಜೆಯಲ್ಲಿ ಮಕ್ಕಳು ಎಲ್ಲಿ ಈಜುತ್ತಾರೆಂದು ವಿಚಾರಿಸಿಕೊಳ್ಳಿ.

ಗಣಿ ಕಾರ್ಮಿಕರಿಗೆ ಕೆಲಸಕ್ಕೆ ಸೇರುವಾಗ ಮತ್ತು ಆಮೇಲೆ ಐದು ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಮಾಡಿಸಬೇಕೆಂದು 1955ರ ಗಣಿ ನಿಯಮಗಳಲ್ಲೇ ಹೇಳಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಔದ್ಯೋಗಿಕ ಸುರಕ್ಷತಾ ಸಂಹಿತೆಯು ನಿಗದಿತ ವಯಸ್ಸು ದಾಟಿದವರಿಗೆ ವರ್ಷಕ್ಕೊಮ್ಮೆ ಉಚಿತ ತಪಾಸಣೆ ಎನ್ನುತ್ತದೆ. ಸಿಲಿಕೋಸಿಸ್ ಪರಿಹಾರಕ್ಕೆ ಅರ್ಹವಾದ ಔದ್ಯೋಗಿಕ ರೋಗವೂ ಹೌದು. ಆದರೆ ಕೈಸಾಲದಂತೆ ಕೂಲಿ ಪಡೆದು, ಹಾಜರಿ ಚೀಟಿಯೂ ಇಲ್ಲದೆ ಹದಿನೈದು ವರ್ಷ ದುಡಿದವನು ತಾನು ಅಲ್ಲಿ ದುಡಿದೆನೆಂದು ತೋರಿಸುವುದು ಹೇಗೆ? ಗೇಟ್ ಪಾಸು, ಕೂಲಿ ಚೀಟಿ, ಗುರುತಿನ ಚೀಟಿ, ತರಬೇತಿ ಪತ್ರ, ಹಳೆಯ ಕ್ಷ-ಕಿರಣ ಚಿತ್ರ, ಏನೇ ಇರಲಿ ಎಸೆಯಬೇಡಿ. ರೇಷನ್ ಕಾರ್ಡಿನ ಜತೆ ಒಂದೇ ಚೀಲದಲ್ಲಿ ಇಡಿ. ಹತ್ತು ವರ್ಷದ ಹಿಂದಿನ ಎದೆಯ ಚಿತ್ರ ಈಗಿನದರ ಪಕ್ಕ ಇಟ್ಟು ನೋಡಿದಾಗ ವೈದ್ಯರಿಗೆ ಸಿಗುವ ಮಾಹಿತಿ ಬೇರಾವ ಪರೀಕ್ಷೆಯಿಂದಲೂ ಸಿಗದು.

ಗೃಹಿಣಿಯರು ಗಮನಿಸಬೇಕಾದ್ದು ಬಟ್ಟೆ. ಗಣಿಯಿಂದ, ಪಾಲಿಶ್ ಕೆಲಸದಿಂದ ಬಂದ ಅಂಗಿಯನ್ನು ಅಂಗಳದಲ್ಲಿ ಕೊಡವಬೇಡಿ, ಒಣದಾಗಿ ಒಗೆಯುವ ಕಲ್ಲಿಗೆ ಬಡಿಯಬೇಡಿ. ಮೊದಲು ಬಕೆಟ್ ನೀರಿನಲ್ಲಿ ಪೂರ್ತಿ ಮುಳುಗಿಸಿ, ಮಕ್ಕಳ ಬಟ್ಟೆಯಿಂದ ಬೇರೆಯಾಗಿ ಒಗೆಯಿರಿ. ಮನೆಗೆ ಬಂದವರು ಮಗುವನ್ನು ಎತ್ತಿಕೊಳ್ಳುವ ಮೊದಲು ಕೈಕಾಲು ಮುಖ ತೊಳೆದು ಅಂಗಿ ಬದಲಿಸಲಿ. ನಿಮ್ಮದೇ ಮನೆಯಲ್ಲಿ ಅಡುಗೆ ಕಟ್ಟೆಗೆ ಕಲ್ಲು ಕೂರಿಸುವ ಕೆಲಸ ನಡೆದಿದ್ದರೆ ಕತ್ತರಿಸುವ ಹುಡುಗನ ಪಕ್ಕದಲ್ಲಿ ಒಂದು ಕೊಡ ನೀರಿಟ್ಟು, ಹನಿಸುತ್ತಾ ಕತ್ತರಿಸಲು ಹೇಳಿ. ಯಂತ್ರದ ವಯರು, ಪ್ಲಗ್ಗು ನೀರಿಗೆ ತಾಗದಂತಿರಲಿ. ಅರ್ಧ ಗಂಟೆ ಹೆಚ್ಚು ಹಿಡಿಯುತ್ತದೆ ಎಂದು ಅವನು ಗೊಣಗಬಹುದು. ಆ ಅರ್ಧ ಗಂಟೆಯ ಕೂಲಿಯನ್ನು ನೀವೇ ಕೊಡಿ.