ಗಾಳಿ ಊದುವ ಕುಂಚ

ಮಕ್ಕಳೇ, ಫ್ಲಿಟ್ ಪಂಪ್ ಎಂದರೇನು ಎಂದು ಮನೆಯಲ್ಲಿ ಅಜ್ಜಿಯನ್ನು ಕೇಳಿ ನೋಡಿ. ಉದ್ದನೆಯ ತಗಡಿನ ಕೊಳವೆ, ಅದರ ತುದಿಗೊಂದು ಡಬ್ಬಿ. ಹಿಡಿಯನ್ನು ಹಿಂದೆ ಮುಂದೆ ನೂಕಿದರೆ ತಿಗಣೆ, ಸೊಳ್ಳೆಯ ಔಷಧಿ ಮಂಜಿನಂತೆ ಹಾರುತ್ತಿತ್ತು. ಗಾಳಿ ರಭಸದಿಂದ ನುಗ್ಗುವಲ್ಲಿ ಒತ್ತಡ ತಗ್ಗುತ್ತದೆ. ಡಬ್ಬಿಯೊಳಗಿನ ದ್ರವ ಮೇಲೇರಿ, ಗಾಳಿಯ ಹೊಡೆತಕ್ಕೆ ಸಿಕ್ಕಿ ಪುಡಿಪುಡಿಯಾಗುತ್ತದೆ. ಏರ್‌ಬ್ರಷ್ ಮಾಡುವುದೂ ಇದನ್ನೇ. ಆದರೆ ಅದು ದಪ್ಪ ಪೆನ್ನಿನಷ್ಟೇ ಇರುತ್ತದೆ, ಒಳಗೊಂದು ಸೂಜಿ ಇರುತ್ತದೆ, ಬಣ್ಣ ಎಷ್ಟು ಬರಬೇಕೆಂಬುದು ನಿಮ್ಮ ತೋರುಬೆರಳಿನ ಹಿಡಿತದಲ್ಲಿರುತ್ತದೆ. ಅಮೆರಿಕದ ಅಯೋವಾ ರಾಜ್ಯದ ಅಬ್ನರ್ ಪೀಲರ್ ಎಂಬವರು 1870ರ ದಶಕದ ಕೊನೆಯಲ್ಲಿ ಇದರ ಮೊದಲ ರೂಪವನ್ನು ಮಾಡಿದರು. 1890ರ ದಶಕದಲ್ಲಿ ಚಾರ್ಲ್ಸ್ ಬರ್ಡಿಕ್ ಮಾಡಿದ ಕುಂಚ ಇಂದಿನದಕ್ಕೆ ಹೆಚ್ಚು ಹತ್ತಿರ.

ಪ್ಲಾಸ್ಟಿಕ್ ವಿಮಾನದ ಮಾದರಿ, ಮನೆಯಲ್ಲೇ ಮಾಡಿದ ಮಣ್ಣಿನ ಗಣಪ, ದಸರಾ ಸಾಲಿಗೆ ಹೊಸದಾಗಿ ಸೇರುವ ಗೊಂಬೆ, ಇವಕ್ಕೆಲ್ಲ ಕುಂಚದ ಗೆರೆ ಕಾಣದಂತೆ ಬಣ್ಣ ಹಚ್ಚಬೇಕೆಂದು ಮೊಮ್ಮಕ್ಕಳಿಗೆ ಆಸೆ. (ಮುತ್ತಜ್ಜಿಯ ಕಾಲದ ಪಟ್ಟದ ಗೊಂಬೆಯ ತಂಟೆಗೆ ಮಾತ್ರ ಹೋಗಬೇಡಿ. ಮಾಸಿದ ಬಣ್ಣವೇ ಅದರ ಚೆಂದ.) ಅಜ್ಜ ಪಿಂಚಣಿ ಹಣದಲ್ಲಿ ಒಂದು ಸೆಟ್ ತರಿಸಿಕೊಡುತ್ತಾರೆ. ಎರಡು ವಾರ ಕಳೆಯುವುದರೊಳಗೆ ಅದು ಅಟ್ಟ ಸೇರಿದರೆ ಹಣವೂ ಹೋಯಿತು, ಹುಡುಗರ ಉತ್ಸಾಹವೂ ಹೋಯಿತು. ಹೀಗಾಗಲು ಸಾಮಾನ್ಯವಾಗಿ ಒಂದೇ ಕಾರಣ: ಕುಂಚದ ಹೊಳಪಿಗೆ ಮರುಳಾಗಿ, ಗಾಳಿ ಕೊಡುವ ಯಂತ್ರವನ್ನು ಅಗ್ಗದ್ದು ಆರಿಸಿಕೊಂಡಿರುವುದು.

ಆದ್ದರಿಂದ ಮೊದಲು ಕಂಪ್ರೆಸರ್ ನೋಡಿ. ಈ ಕೆಲಸಕ್ಕೆ ಬೇಕಾದ ಒತ್ತಡ 15ರಿಂದ 25 ಪಿಎಸ್‌ಐ, ಅಂದರೆ ಕಾರಿನ ಚಕ್ರಕ್ಕೆ ತುಂಬುವುದಕ್ಕಿಂತಲೂ ಕಡಿಮೆ. ಆದರೆ ಅದು ಏರಿಳಿಯದೆ ಒಂದೇ ಸಮ ಬರಬೇಕು. ಟ್ಯಾಂಕ್ ಇಲ್ಲದ ಪುಟ್ಟ ಯಂತ್ರಗಳಲ್ಲಿ ಗಾಳಿ ಮಿಡಿಯುತ್ತಾ ಬರುತ್ತದೆ, ಬಣ್ಣವೂ ಹಾಗೆಯೇ ಚುಕ್ಕಿಚುಕ್ಕಿಯಾಗಿ ಬೀಳುತ್ತದೆ. ಮೂರು ಲೀಟರಿನ ಟ್ಯಾಂಕ್ ಇದ್ದರೂ ಸಾಕು. ಗಾಳಿ ಅಲ್ಲಿ ಸುಧಾರಿಸಿಕೊಂಡು ಹೊರಡುತ್ತದೆ, ಯಂತ್ರವೂ ಆಗಾಗ ನಿಂತು ತಣಿಯುತ್ತದೆ. ಒತ್ತಡ ತೋರಿಸುವ ಮುಳ್ಳು, ಹೆಚ್ಚು ಕಡಿಮೆ ಮಾಡುವ ತಿರುಪು, ಅದರ ಕೆಳಗೆ ನೀರು ಹಿಡಿಯುವ ಗಾಜಿನಂಥ ಬಟ್ಟಲು ಇವೆಯೇ ನೋಡಿ. ಈ ಬಟ್ಟಲನ್ನು ಅಂಗಡಿಯವರು ಒತ್ತಿ ಹೇಳುವುದಿಲ್ಲ, ನಾನು ಹೇಳುತ್ತೇನೆ. ಗಾಳಿಯನ್ನು ಒತ್ತಿದಾಗ ಅದರೊಳಗಿನ ತೇವ ನೀರಾಗುತ್ತದೆ. ಉಡುಪಿ, ಮಂಗಳೂರಿನ ಕಡೆಯ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಬಟ್ಟಲಿಲ್ಲದಿದ್ದರೆ ಗಣಪನ ಕೆನ್ನೆಯ ಮೇಲೆ ತಟಕ್ಕನೆ ನೀರಹನಿ ಬಿದ್ದು ಬಣ್ಣ ಇಳಿಯುತ್ತದೆ. ಕೆಲಸ ಮುಗಿದ ಮೇಲೆ ಟ್ಯಾಂಕಿನ ಅಡಿಯ ತಿರುಪು ಸಡಿಲಿಸಿ ಗಾಳಿ, ನೀರು ಎರಡನ್ನೂ ಹೊರಗೆ ಬಿಡಬೇಕು.

ಸ್ಕೂಟರಿಗೆ ಗಾಳಿ ಹಾಕುವ ಸಣ್ಣ ಪಂಪಿಗೇ ಕೊಳವೆ ಸಿಕ್ಕಿಸಿದರಾಗದೇ ಎಂದು ಕೆಲವರು ಕೇಳುತ್ತಾರೆ. ಆಗದು. ಅದು ಬೇಗ ಕಾಯುತ್ತದೆ, ಅಕ್ಕಪಕ್ಕದ ಮನೆಗೂ ಕೇಳುವಷ್ಟು ಕಿರುಚುತ್ತದೆ.

ಇನ್ನು ಕುಂಚ. ಬಣ್ಣದ ಬಟ್ಟಲು ಮೇಲೆ ಇರುವುದನ್ನೇ ಕೊಳ್ಳಿ. ನಾಲ್ಕು ಹನಿ ಹಾಕಿದರೂ ಬಣ್ಣ ತನ್ನ ಭಾರಕ್ಕೇ ಇಳಿಯುತ್ತದೆ, ತೊಳೆಯುವುದೂ ಸುಲಭ. ಬಾಟಲಿ ಕೆಳಗೆ ತೂಗುವಂಥದ್ದಕ್ಕೆ ಹೆಚ್ಚು ಗಾಳಿ ಬೇಕು. ತೂತಿನ ಅಳತೆ 0.3 ಮಿಲಿಮೀಟರ್ ಇರಲಿ, 0.2ರದ್ದು ಪದೇಪದೇ ಕಟ್ಟಿಕೊಂಡು ಅಳಿಸುತ್ತದೆ. ಗುಂಡಿ ಒತ್ತಿದರೆ ಗಾಳಿ, ಹಿಂದಕ್ಕೆಳೆದರೆ ಬಣ್ಣ, ಹೀಗೆ ಎರಡು ಕೆಲಸ ಮಾಡುವ ಕುಂಚಕ್ಕೆ ಡ್ಯುಯಲ್ ಆಕ್ಷನ್ ಎನ್ನುತ್ತಾರೆ. ಮೊದಲು ಬೆರಳು ತಡವರಿಸುತ್ತದೆ, ಸೈಕಲ್ ಕಲಿತ ಹಾಗೆ ಅಭ್ಯಾಸವಾಗುತ್ತದೆ. ಸೂಜಿ ಮತ್ತು ಮೂತಿ ಬಿಡಿಯಾಗಿ ಸಿಗುತ್ತವೆಯೇ ಎಂದು ಕೊಳ್ಳುವ ದಿನವೇ ವಿಚಾರಿಸಿ. ತೊಳೆಯುವಾಗ ಸೂಜಿಯ ತುದಿ ಎಲ್ಲಿಗಾದರೂ ತಗುಲಿ ಬಾಗಿದರೆ ಬಣ್ಣ ಸೊಟ್ಟಗೆ ಹಾರುತ್ತದೆ.

ಅಜ್ಜಂದಿರು ಒಂದು ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಬೇಕು. ಮಂಜಿನಂತೆ ಹಾರುವ ಬಣ್ಣ ಗೊಂಬೆಯ ಮೇಲಷ್ಟೇ ಕೂರುವುದಿಲ್ಲ, ಉಸಿರಿನೊಡನೆ ಎದೆಗೂ ಇಳಿಯುತ್ತದೆ. ನೀರಿನಲ್ಲಿ ಕರಗುವ ಅಕ್ರಿಲಿಕ್ ಬಣ್ಣವಾದರೂ ಕಿಟಕಿ ತೆರೆದಿಟ್ಟು, ಎನ್-95 ಮುಖಗವಸು ಹಾಕಿಯೇ ಕೂರಿ. ಮನೆಯಲ್ಲಿ ಉಬ್ಬಸದವರಿದ್ದರೆ ಅವರು ಆಚೆ ಕೋಣೆಯಲ್ಲಿರಲಿ. ಥಿನ್ನರ್ ಬೇಕಾಗುವ ಬಣ್ಣ ಮಕ್ಕಳ ಕೈಗೆ ಬೇಡವೇ ಬೇಡ. ಅದರ ಆವಿಯನ್ನು ಈ ಮುಖಗವಸು ತಡೆಯದು, ದೇವರ ದೀಪದ ಕಿಡಿಯೂ ಅದಕ್ಕೆ ಸಾಕು. ಕುಂಚದ ಮೂತಿಯನ್ನು ಯಾರ ಮುಖಕ್ಕೂ, ತಮಾಷೆಗೂ ಹಿಡಿಯಬಾರದು.

ಡಬ್ಬಿ ಬಿಚ್ಚಿದ ದಿನವೇ ಗಣಪನಿಗೆ ಕೈ ಹಾಕಬೇಡಿ. ನೀರಿಗೆ ಅಡುಗೆಮನೆಯ ಕೇಸರಿ ಬಣ್ಣ ಎರಡು ಹನಿ ಬೆರೆಸಿ, ಹಳೆಯ ಪತ್ರಿಕೆಯ ಮೇಲೆ ಚುಕ್ಕಿ ಇಡಿ. ಚುಕ್ಕಿಗಳನ್ನು ಸೇರಿಸಿ ಗೆರೆ ಎಳೆಯಿರಿ. ಹತ್ತಿರ ಹಿಡಿದರೆ ಗೆರೆ ಸಣ್ಣದು, ದೂರ ಹಿಡಿದರೆ ಅಗಲ. ಅಜ್ಜಿಯ ರಂಗೋಲಿಯ ಎಳೆಯಷ್ಟು ಸಮನಾದ ಗೆರೆ ಬಂದ ದಿನ ಅಕ್ರಿಲಿಕ್ ಬಣ್ಣವನ್ನು ಹಾಲಿನಷ್ಟು ತೆಳ್ಳಗೆ ಕಲಸಿಕೊಳ್ಳಿ.