ಟ್ರ್ಯಾಕ್ಟರಿನ ವಿಮೆ: ಜಮೀನುದಾರರು ತಿಳಿದಿರಬೇಕಾದ ವಿಷಯಗಳು

ಎತ್ತಿನ ಗಾಡಿಯು ಮಾಡುತ್ತಿದ್ದ ಕೆಲಸವನ್ನು ಈಗ ಬಹುಮಟ್ಟಿಗೆ ಟ್ರ್ಯಾಕ್ಟರು ಮಾಡುತ್ತಿರುವುದಷ್ಟೆ. ಅದನ್ನು ಕೊಂಡ ಜಮೀನುದಾರರಲ್ಲಿ ಅನೇಕರು ವಿಮೆಯ ಕಾಗದವನ್ನು ಪೆಟ್ಟಿಗೆಯಲ್ಲಿಟ್ಟು ಮರೆತುಬಿಡುವರು. ಆ ಕಾಗದವು ಯಾವ ನಷ್ಟಕ್ಕೆ ಒದಗುವುದು, ಯಾವುದಕ್ಕೆ ಒದಗದು ಎಂಬುದನ್ನು ಅಪಘಾತಕ್ಕೆ ಮುಂಚೆಯೇ ಅರಿತಿರುವುದು ಕ್ಷೇಮ.

1988ನೆಯ ಇಸವಿಯ ಮೋಟಾರು ವಾಹನಗಳ ಕಾಯಿದೆಯ 146ನೆಯ ಪ್ರಕರಣದ ಮೇರೆಗೆ, ಸಾರ್ವಜನಿಕ ಸ್ಥಳದಲ್ಲಿ ಓಡಿಸುವ ಖಾಸಗಿಯವರ ವಾಹನಕ್ಕೆ ಮೂರನೆಯ ಪಕ್ಷದ ವಿಮೆ ಇರತಕ್ಕದ್ದು. ಇಲ್ಲದಿದ್ದಲ್ಲಿ ಮೊದಲನೆಯ ಸಲ 2,000 ರೂಪಾಯಿ ಜುಲ್ಮಾನೆ, ಅಥವಾ ಮೂರು ತಿಂಗಳವರೆಗೆ ಸೆರೆವಾಸ, ಅಥವಾ ಎರಡನ್ನೂ ವಿಧಿಸಬಹುದು.

ವಿಮೆಯ ಒಪ್ಪಂದದಲ್ಲಿ ಮಾಲೀಕನೂ ಕಂಪೆನಿಯೂ ಎರಡು ಪಕ್ಷಗಳು; ವಾಹನದಿಂದ ಹಾನಿ ಹೊಂದಿದ ಹೊರಗಿನವನೇ ಮೂರನೆಯ ಪಕ್ಷ. ದಾರಿಹೋಕನು ಟ್ರ್ಯಾಕ್ಟರಿಗೆ ಸಿಕ್ಕಿ ಮೃತನಾದರೆ ಅಥವಾ ಗಾಯಗೊಂಡರೆ, ನ್ಯಾಯಾಧಿಕರಣವು ಗೊತ್ತುಮಾಡುವ ಪರಿಹಾರವನ್ನು ಈ ವಿಮೆಯಿಂದ ಕೊಡಲಾಗುವುದು. ಆದರೆ ಟ್ರ್ಯಾಕ್ಟರು ಮಗುಚಿ ಮುರಿದರೂ, ಕಳುವಾದರೂ ಮಾಲೀಕನಿಗೆ ಇದರಿಂದ ಕಾಸೂ ಬಾರದು.

ಆ ನಷ್ಟಕ್ಕೆ ಸಮಗ್ರ ವಿಮೆಯನ್ನು ಮಾಡಿಸಬೇಕು. ಬೆಂಕಿ, ನೆರೆ, ಕಳವು, ಅಪಘಾತಗಳು ಇದರೊಳಗೆ ಸೇರುವುವು. ಕಂಪೆನಿಯು ಕೊಡುವುದು ಕೊಂಡ ಬೆಲೆಯನ್ನಲ್ಲ, ಸವಕಲು ಕಳೆದು ಉಳಿದ ಮೌಲ್ಯವನ್ನು. ಮೂರು ವರ್ಷ ಕಳೆದು ನಾಲ್ಕು ತುಂಬದ ವಾಹನಕ್ಕೆ ಸಾಮಾನ್ಯವಾಗಿ ನೂರಕ್ಕೆ 40ರಷ್ಟು ಕಳೆಯುವರು. ಎಂದರೆ 8 ಲಕ್ಷ ಬೆಲೆಯ ಟ್ರ್ಯಾಕ್ಟರಿಗೆ 4,80,000 ರೂಪಾಯಿ. ಇದಲ್ಲದೆ, ತಾನೇ ಓಡಿಸುವ ಮಾಲೀಕನ ಪ್ರಾಣಕ್ಕಾಗಿ 15 ಲಕ್ಷ ರೂಪಾಯಿಯ ಸ್ವಂತ ಅಪಘಾತ ವಿಮೆಯುಂಟು. ಅವನಿಗೆ ಚಾಲನಾ ಪರವಾನಗಿ ಇಲ್ಲದಿದ್ದರೆ ಅದು ದೊರೆಯದು.

ಗ್ರಾಮಗಳಲ್ಲಿ ಅತ್ಯಂತ ದೊಡ್ಡ ವಿಪತ್ತು ಟ್ರೇಲರಿನಿಂದ ಬರುವುದು. ಮದುವೆಯ ದಿಬ್ಬಣವನ್ನೋ ಜಾತ್ರೆಯ ಜನರನ್ನೋ ಟ್ರೇಲರಿನಲ್ಲಿ ತುಂಬಿ ಕರೆದೊಯ್ಯುವ ರೂಢಿಯುಂಟು. ಸರಕಿನ ವಾಹನದಲ್ಲಿ ಬಿಟ್ಟಿಯಾಗಿ ಪ್ರಯಾಣ ಮಾಡುವವರ ಹೊಣೆಯು ಕಂಪೆನಿಗೆ ಇಲ್ಲವೆಂದು ಸುಪ್ರೀಂ ಕೋರ್ಟು 2002ರಲ್ಲಿ ತೀರ್ಮಾನಿಸಿತು. ಕೆಲವು ಮೊಕದ್ದಮೆಗಳಲ್ಲಿ ಕಂಪೆನಿಯು ಮೊದಲು ಹಣ ಕೊಡಬೇಕೆಂದು ಆಜ್ಞೆಯಾದರೂ, ಅದನ್ನು ಮಾಲೀಕನಿಂದ ವಸೂಲು ಮಾಡಿಕೊಳ್ಳುವ ಹಕ್ಕು ಅದಕ್ಕೆ ಉಳಿಯುವುದು. ಆಗ ನೆರೆಯವರಿಗೆ ಮಾಡಿದ ಉಪಕಾರವೇ ಹೊಲಮನೆಗಳನ್ನು ಕಳೆಯುವ ಸಾಲವಾಗಿ ಪರಿಣಮಿಸೀತು. ಮಡ್‌ಗಾರ್ಡಿನ ಮೇಲೆ ಕುಳಿತವರ ವಿಷಯದಲ್ಲಿಯೂ ಇದೇ ಅಪಾಯವಿದೆ.

ಆದುದರಿಂದ ಜಮೀನುದಾರರು ನಾಲ್ಕು ವಿಷಯಗಳನ್ನು ಗಮನಿಸತಕ್ಕದ್ದು. ಟ್ರೇಲರಿನ ನಂಬರೂ ವಿಮೆಯ ಕಾಗದದಲ್ಲಿ ನಮೂದಾಗಿದೆಯೇ ಎಂದು ನೋಡಬೇಕು. ವ್ಯವಸಾಯಕ್ಕೆಂದು ವಿಮೆ ಮಾಡಿಸಿದ ವಾಹನದಲ್ಲಿ ಇಟ್ಟಿಗೆ, ಮರಳುಗಳನ್ನು ಬಾಡಿಗೆಗೆ ಹೇರಬಾರದು. ಪರವಾನಗಿಯಿಲ್ಲದ ಆಳಿನ ಅಥವಾ ಹುಡುಗರ ಕೈಗೆ ವಾಹನವನ್ನು ಕೊಡಬಾರದು. ಹಳೆಯ ಟ್ರ್ಯಾಕ್ಟರನ್ನು ಕೊಂಡವರು 14 ದಿನಗಳೊಳಗೆ ವಿಮೆಯನ್ನು ತಮ್ಮ ಹೆಸರಿಗೆ ಮಾಡಿಕೊಡುವಂತೆ ಕಂಪೆನಿಗೆ ಅರ್ಜಿ ಕೊಡಬೇಕು.

ಗ್ರಾಮದ ಮುಖಂಡರು ಜಾತ್ರೆ, ಸುಗ್ಗಿಗಳಿಗೆ ಮುಂಚಿತವಾಗಿ ಈ ವಿಷಯಗಳನ್ನು ಊರಿನವರಿಗೆ ತಿಳಿಯಹೇಳಿ, ಜನರ ಪ್ರಯಾಣಕ್ಕೆ ಬಸ್ಸನ್ನೇ ಗೊತ್ತುಮಾಡಿಸಿದರೆ, ಅನೇಕ ಕುಟುಂಬಗಳು ಹಾನಿಯಿಂದ ಪಾರಾಗುವುವು.